ನದಿ ದಂಡೆಯ 60 ಎಚ್‌ಪಿ ಮೋಟರ್‌ಗೆ ಸಾಫ್ಟ್ ಸ್ಟಾರ್ಟರ್ ಹೊಂದಿಸಿದ್ದು

ಪಂಪ್ ಬಂದ್ ಮಾಡಿದ ಐದಾರು ಸೆಕೆಂಡಿಗೆ ಜಾಕ್‌ವೆಲ್ (ನದಿ ದಂಡೆಯ ಪಂಪ್ ಬಾವಿ) ಒಳಗಿಂದ ಧಡ್ ಅಂತ ಒಂದು ಸದ್ದು ಬರುತ್ತಿತ್ತು. ಕಟ್ಟೆಯ ಮೇಲೆ ನಿಂತಿದ್ದರೆ ಕಾಲಿನ ಕೆಳಗೆ ಅದು ಗೊತ್ತಾಗುತ್ತಿತ್ತು. ಆ ಸದ್ದು ಕೇಳಿದಾಗೆಲ್ಲ ನಮ್ಮ ಕಾಕಾ ದಿಬ್ಬದ ಕಡೆ ತಿರುಗಿ ನೋಡುತ್ತಿದ್ದರು. ಪೈಪ್ ಒಡೆದು ಕಬ್ಬಿನ ನಡುವಿಂದ ನೀರು ಚಿಮ್ಮುತ್ತಿದೆಯಾ ಅಂತ. ಎರಡು ಬೇಸಿಗೆಯಲ್ಲಿ ಮೂರು ಸಲ ಹಾಗೇ ಆಗಿತ್ತು.

ನಮ್ಮದು ಅಥಣಿ ತಾಲೂಕು, ಕೃಷ್ಣಾ ದಂಡೆಗೆ ಹತ್ತಿರದ ಊರು. ನದಿ ಕೆಳಗೆ, ಹೊಲ ಮೇಲೆ. ಏಳು ಮನೆಯವರು ಕೂಡಿ ಒಂದು ಪೈಪ್‌ಲೈನ್ ಮಾಡಿಕೊಂಡಿದ್ದೇವೆ. 10 ಇಂಚಿನ, 6 ಕೆಜಿ ಪಿವಿಸಿ ಪೈಪ್, ಅಂದರೆ ಚದರ ಸೆಂಟಿಮೀಟರಿಗೆ 6 ಕೆಜಿ ಒತ್ತಡ ತಡೆಯುವಂಥದ್ದು. ಉದ್ದ 1400 ಮೀಟರ್. ನೀರು ಏರಬೇಕಾದ ಎತ್ತರ 35 ಮೀಟರ್. ಕೆಳಗೆ 60 ಎಚ್‌ಪಿ ಮೋಟರ್, ಅಂದರೆ 45 ಕಿಲೋವ್ಯಾಟ್. ನೇಮ್‌ಪ್ಲೇಟ್ ಮೇಲೆ 415 ವೋಲ್ಟ್, 80 ಆಂಪಿಯರ್, 1475 ಆರ್‌ಪಿಎಂ ಅಂತಿದೆ. ನಾನು ಸಕ್ಕರೆ ಕಾರ್ಖಾನೆಯೊಂದರ ಎಲೆಕ್ಟ್ರಿಕಲ್ ವಿಭಾಗದಲ್ಲಿ ಇದ್ದೇನೆ. ರಜೆಯ ದಿನ ಈ ಪಂಪ್‌ನ ಕೆಲಸ ನನ್ನ ಪಾಲಿಗೆ.

ಮೊದಲು ಇದ್ದದ್ದು ಸ್ಟಾರ್ ಡೆಲ್ಟಾ ಸ್ಟಾರ್ಟರ್. ಮೋಟರ್‌ನ ವೈಂಡಿಂಗನ್ನು ಮೊದಲು ಸ್ಟಾರ್ ಜೋಡಣೆಯಲ್ಲಿ ಕಡಿಮೆ ವೋಲ್ಟೇಜ್‌ಗೆ ತಿರುಗಿಸಿ, ಆಮೇಲೆ ಡೆಲ್ಟಾಕ್ಕೆ ಬದಲಿಸಿ ಪೂರ್ತಿ ವೋಲ್ಟೇಜ್ ಕೊಡುವಂಥದ್ದು. ಅದು ಕೆಟ್ಟ ವ್ಯವಸ್ಥೆ ಅಂತ ನಾನು ಹೇಳುವುದಿಲ್ಲ. ನೇರವಾಗಿ ಲೈನಿಗೆ ಕೊಟ್ಟರೆ ಈ ಮೋಟರ್ ಶುರುವಿನಲ್ಲಿ ಆರು ಪಟ್ಟು, ಅಂದರೆ 480 ಆಂಪಿಯರ್ ಎಳೆಯುತ್ತದೆ. ಸ್ಟಾರ್‌ನಲ್ಲಿ ಅದರ ಮೂರನೇ ಒಂದು ಭಾಗ, 160 ಸಾಕು. ಆದರೆ ತಿರುಗಿಸುವ ಬಲವೂ (ಟಾರ್ಕ್) ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಪಂಪ್‌ನಿಂದ ಪೈಪಿಗೆ ನೀರು ಬಿಡುವ ಡೆಲಿವರಿ ವಾಲ್ವ್ ಮುಚ್ಚಿಕೊಂಡು ಶುರು ಮಾಡಿದರೆ ಆ ಬಲ ಸಾಲುತ್ತದೆ. ನಮ್ಮ ವಾಲ್ವ್ ಬಿಗಿ. ಅದನ್ನು ದಿನಾ ಎರಡು ಸಲ ತಿರುಗಿಸುವವರು ಯಾರು? ವಾಲ್ವ್ ತೆರೆದೇ ಇಡುತ್ತಿದ್ದರು. ಹಾಗಾಗಿ ಮೋಟರ್ ಸ್ಟಾರ್‌ನಲ್ಲಿ ಮುಕ್ಕಾಲು ವೇಗಕ್ಕೆ ಬಂದು ಅಲ್ಲೇ ನಿಲ್ಲುತ್ತಿತ್ತು. ಟೈಮರ್ ಮುಗಿದು ಡೆಲ್ಟಾಕ್ಕೆ ಬಿದ್ದಾಗ ಹೆಚ್ಚುಕಮ್ಮಿ ನೇರ ಶುರು ಮಾಡಿದ ಹಾಗೇ. ನಾನು ಕ್ಲ್ಯಾಂಪ್ ಮೀಟರ್ ಹಾಕಿ ನೋಡಿದೆ, 440 ಆಂಪಿಯರ್. ನಮ್ಮ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, 100 ಕೆವಿಎ. ಅದರ ಪೂರ್ಣ ಕರೆಂಟೇ 133. 405 ಇದ್ದ ವೋಲ್ಟೇಜ್ ಆ ಕ್ಷಣಕ್ಕೆ 330ಕ್ಕೆ ಇಳಿದು, ಪಕ್ಕದವರ ಸ್ಟಾರ್ಟರ್‌ಗಳು ಕಳಚಿ ಬೀಳುತ್ತಿದ್ದವು. ಅವರ ಬೇಸರಕ್ಕೆ ಕಾರಣ ಇತ್ತು.

"ಸ್ಟಾರ್ಟರ್ ಹೊಸಾದು ಹಾಕಿದ್ರ ಪೈಪ್ ಒಡಿಯೂದು ನಿಲ್ತೈತೇನೋ ತಮ್ಮಾ?" ಅಂತ ಕಾಕಾ ಕೇಳಿದರು.

ಆಗ ನಾನು ನಿಲ್ಲುತ್ತದೆ ಅಂದೆ. ಅಷ್ಟು ಸುಲಭದ ಉತ್ತರ ಕೊಡಬಾರದಿತ್ತು.

ಸಾಫ್ಟ್ ಸ್ಟಾರ್ಟರ್ ಮಾಡುವ ಕೆಲಸ ಒಂದೇ, ಮೋಟರ್‌ಗೆ ವೋಲ್ಟೇಜನ್ನು ನಿಧಾನ ಏರಿಸಿ ಇಳಿಸುವುದು. ಪ್ರತಿ ಫೇಸ್‌ನಲ್ಲಿ ಎರಡು ಥೈರಿಸ್ಟರ್‌ಗಳು, ಅಂದರೆ ಎಲೆಕ್ಟ್ರಾನಿಕ್ ಸ್ವಿಚ್‌ಗಳು, ಬೆನ್ನಿಗೆ ಬೆನ್ನು ಕೊಟ್ಟು ಇರುತ್ತವೆ. ನಮ್ಮ 50 ಹರ್ಟ್ಸ್ ಲೈನಿನಲ್ಲಿ ಕರೆಂಟಿನ ಪ್ರತಿ ಅರ್ಧ ಅಲೆ 10 ಮಿಲಿಸೆಕೆಂಡ್. ಥೈರಿಸ್ಟರ್ ಆ ಅರ್ಧ ಅಲೆಯಲ್ಲಿ ಸ್ವಲ್ಪ ತಡವಾಗಿ ತೆರೆಯುತ್ತದೆ. ತಡ ಜಾಸ್ತಿ ಇದ್ದರೆ ಮೋಟರ್‌ಗೆ ಹೋಗುವ ವೋಲ್ಟೇಜ್ ಕಡಿಮೆ. ತಡ ಕಡಿಮೆ ಮಾಡುತ್ತಾ ಹೋದ ಹಾಗೆ ವೋಲ್ಟೇಜ್ ಏರುತ್ತದೆ. ಕಾಲುವೆಯ ತೂಬನ್ನು ನಿಧಾನ ಎತ್ತಿದ ಹಾಗೆ. ಆದರೆ ಒಂದು ಲೆಕ್ಕ ಸದಾ ನೆನಪಿರಬೇಕು: ವೋಲ್ಟೇಜ್ ಅರ್ಧ ಆದರೆ ಕರೆಂಟ್ ಸುಮಾರು ಅರ್ಧ ಆಗುತ್ತದೆ, ತಿರುಗಿಸುವ ಬಲ ಮಾತ್ರ ಕಾಲು ಭಾಗಕ್ಕೆ ಇಳಿಯುತ್ತದೆ.

ಕೊಳ್ಳುವ ಮುಂಚೆ ಒಂದೆರಡು ತೀರ್ಮಾನ ಇದ್ದವು. ವಿಎಫ್‌ಡಿ (ಮೋಟರ್‌ನ ವೇಗವನ್ನೇ ಬದಲಿಸುವ ಸಾಧನ) ಹಾಕಿ ಅಂತ ಕೆಲವರು ಹೇಳಿದರು. ಅದರಿಂದ ಇನ್ನೂ ಮೆತ್ತಗೆ ಶುರು ಮಾಡಬಹುದು, ನಿಜ. ಆದರೆ ನಮ್ಮ ಪಂಪ್ ಶುರುವಾದ ಮೇಲೆ ಪೂರ್ತಿ ವೇಗದಲ್ಲೇ ಓಡುತ್ತದೆ. ವೇಗ ಬದಲಿಸುವ ಅಗತ್ಯ ಇಲ್ಲದ ಕಡೆ ಅಷ್ಟು ದುಡ್ಡು ಹಾಕುವುದು ಏಳು ಮನೆಯವರಿಗೆ ಹೊರೆ. ಬಿಟ್ಟೆವು. ಎರಡೇ ಫೇಸ್‌ನಲ್ಲಿ ಥೈರಿಸ್ಟರ್ ಇರುವ ಅಗ್ಗದ ಮಾದರಿಯನ್ನೂ ಬಿಟ್ಟೆವು. ಅದರಲ್ಲಿ ಮೂರನೇ ಫೇಸ್ ನೇರವಾಗಿ ಹೋಗುತ್ತದೆ, ಶುರುವಿನಲ್ಲಿ ಮೂರು ಫೇಸ್‌ನ ಕರೆಂಟ್ ಸಮ ಇರುವುದಿಲ್ಲ.

ಇನ್ನೊಂದು, ಡೆಲ್ಟಾದ ಒಳಗೆ ಜೋಡಿಸುವ ವಿಧಾನ. ಸ್ಟಾರ್ ಡೆಲ್ಟಾದ ಆರು ಕೇಬಲ್ ಹೇಗೂ ಇದ್ದವು. ಸ್ಟಾರ್ಟರನ್ನು ವೈಂಡಿಂಗ್ ಜೊತೆ ಸಾಲಾಗಿ ಡೆಲ್ಟಾದ ಒಳಗೇ ಕೂಡಿಸಿದರೆ ಅದರ ಮೂಲಕ ಹೋಗುವುದು ಲೈನ್ ಕರೆಂಟಿನ ಶೇ. 58 ಮಾತ್ರ. 80ರ ಬದಲು 46 ಆಂಪಿಯರ್‌ನ ಸ್ಟಾರ್ಟರ್ ಸಾಕು, ದುಡ್ಡು ಉಳಿಯುತ್ತದೆ. ನನಗೂ ಆಸೆ ಆಯಿತು. ಆದರೆ ನಾವು ನೋಡಿದ ಮಾದರಿಯಲ್ಲಿ ಹಾಗೆ ಜೋಡಿಸಿದರೆ ಟಾರ್ಕ್ ನೋಡಿಕೊಂಡು ನಿಲ್ಲಿಸುವ ಸೌಲಭ್ಯ ಸಿಗುತ್ತಿರಲಿಲ್ಲ. ಪೈಪ್ ಒಡೆಯುವುದು ಪಂಪ್ ನಿಲ್ಲಿಸುವಾಗ. ಆ ಸೌಲಭ್ಯ ಬಿಟ್ಟು ದುಡ್ಡು ಉಳಿಸಿದರೆ ಏನು ಬಂತು ಅಲ್ವಾ? ಲೈನಿನಲ್ಲೇ ಸಾಲಾಗಿ ಹಾಕಿಸಿದೆವು, ಬೈಪಾಸ್ ಕಾಂಟ್ಯಾಕ್ಟರ್ ಸಮೇತ. ಮೋಟರ್ ಪೂರ್ತಿ ವೇಗಕ್ಕೆ ಬಂದ ಮೇಲೆ ಕರೆಂಟನ್ನು ಥೈರಿಸ್ಟರ್ ಬಿಟ್ಟು ನೇರ ಕಳಿಸುವ ಸ್ವಿಚ್ ಅದು. ಬೈಪಾಸ್ ಬೇಕೇ ಬೇಕು. ಥೈರಿಸ್ಟರ್‌ಗಳು ಒಂದು ಆಂಪಿಯರ್‌ಗೆ ಮೂರೂ ಫೇಸ್ ಸೇರಿ ಸುಮಾರು 3 ವ್ಯಾಟ್ ಶಾಖ ಮಾಡುತ್ತವೆ. 80 ಆಂಪಿಯರ್‌ಗೆ 240 ವ್ಯಾಟ್. ಏಪ್ರಿಲ್ ಬಿಸಿಲಲ್ಲಿ ತಗಡಿನ ಡಬ್ಬಿ ಒಳಗೆ ಅದು ಇಡೀ ದಿನ ಉರಿಯುವುದು ಬೇಡ.

ಪ್ಯಾನೆಲ್ ಬಂದ ದಿನವೇ ಒಂದು ಅಪಾಯ ತಪ್ಪಿತು. ಪವರ್ ಫ್ಯಾಕ್ಟರ್‌ಗೆ ಹಾಕಿದ್ದ ಹಳೆಯ ಕೆಪ್ಯಾಸಿಟರ್ ಮೋಟರ್‌ನ ಟರ್ಮಿನಲ್ ಮೇಲೇ ಇತ್ತು. ಜೋಡಿಸಲು ಬಂದವರು ಅದನ್ನು ಹಾಗೇ ಬಿಟ್ಟು ಚಾಲು ಮಾಡಲು ಹೊರಟಿದ್ದರು. ಸಾಫ್ಟ್ ಸ್ಟಾರ್ಟರ್‌ನ ಹೊರಹೋಗುವ ಬದಿಗೆ ಕೆಪ್ಯಾಸಿಟರ್ ಇರಲೇಬಾರದು. ತುಂಡು ತುಂಡಾಗಿ ಬರುವ ವೋಲ್ಟೇಜ್ ಅದರ ಮೇಲೆ ಬಿದ್ದರೆ ಥೈರಿಸ್ಟರ್ ಸುಟ್ಟು ಹೋಗಬಹುದು. ಅದನ್ನು ಬಿಚ್ಚಿ ಲೈನ್ ಬದಿಗೆ ತಂದು, ಬೈಪಾಸ್ ಕೂಡಿದ ಮೇಲೆ ಮಾತ್ರ ಸೇರುವ ಹಾಗೆ ಬೇರೆ ಕಾಂಟ್ಯಾಕ್ಟರ್ ಕೊಡಿಸಿದೆ. ಹಳೆಯ ಸ್ಟಾರ್ ಡೆಲ್ಟಾ ತೆಗೆದು ಸಾಫ್ಟ್ ಸ್ಟಾರ್ಟರ್ ಹಾಕುವವರು ಇದೊಂದನ್ನು ದಯವಿಟ್ಟು ನೋಡಿಕೊಳ್ಳಿ.

ಜೋಡಿಸಲು ಬಂದವರು ಕಂಪನಿಯಿಂದ ಬಂದ ಸೆಟ್ಟಿಂಗ್‌ನಲ್ಲೇ ಬಿಟ್ಟು ಹೋದರು. ವೋಲ್ಟೇಜ್ ರಾಂಪ್ (ವೋಲ್ಟೇಜ್ ನಿಧಾನ ಏರುವ ವಿಧಾನ), ಶುರುವಿನ ವೋಲ್ಟೇಜ್ ಶೇ. 30, ಸಮಯ 10 ಸೆಕೆಂಡ್. ಬಟನ್ ಒತ್ತಿದೆ. ಎರಡು ಮೂರು ಸೆಕೆಂಡ್ ಮೋಟರ್ ಬರೀ ಗುಂಯ್ ಅಂದಿತು, ತಿರುಗಲಿಲ್ಲ. ಪಂಪ್ ನೋಡಿಕೊಳ್ಳುವ ಹುಡುಗ ಹತ್ತಿರ ಬಂದ. "ಅಣ್ಣಾರ, ಕಿಕ್ ಅಂತ ಒಂದು ಐತಲ್ರಿ, ಅದನ್ನ ಆನ್ ಮಾಡ್ರಿ."

ಕಿಕ್ ಸ್ಟಾರ್ಟ್ ಅಂದರೆ ಅರ್ಧ ಸೆಕೆಂಡಿಗೂ ಕಡಿಮೆ ಹೊತ್ತು ಶೇ. 80-90 ವೋಲ್ಟೇಜ್ ಕೊಟ್ಟು ಒಮ್ಮೆ ನೂಕುವುದು. ಕಲ್ಲು ತುಂಬಿದ ಕ್ರಷರ್, ಮಾಲು ಹೊತ್ತು ನಿಂತ ಕನ್ವೇಯರ್, ಇಂಥವಕ್ಕೆ ಅದು ಬೇಕು. ಅವು ನಿಂತ ಜಾಗದಿಂದ ಕದಲುವುದೇ ಕಷ್ಟ. ಪಂಪ್ ಹಾಗಲ್ಲ. ಮೋಟರ್ ಮತ್ತು ಪಂಪ್ ಕೂಡಿಸುವ ಕಪ್ಲಿಂಗನ್ನು ಕೈಯಿಂದಲೇ ತಿರುಗಿಸಬಹುದು. ಇಲ್ಲಿ ಕಿಕ್ ಕೊಟ್ಟರೆ ಸುಮ್ನೆ ಕರೆಂಟ್ ಏರಿ ಟಿಸಿಗೆ ಏಟು. ಶೇ. 30 ವೋಲ್ಟೇಜ್‌ನಲ್ಲಿ ಬಲ ಶೇ. 9ಕ್ಕೆ ಇಳಿದಿರುತ್ತದೆ, ಅದಕ್ಕೇ ಗುಂಯ್. ಶೇ. 40ಕ್ಕೆ ಏರಿಸಿದೆ, ಬಲ ಶೇ. 16 ಆಯಿತು. ಬಟನ್ ಒತ್ತಿದ ಕೂಡಲೇ ತಿರುಗಿತು. ಆದರೆ ನಡುವೆ ಕರೆಂಟ್ 340 ಮುಟ್ಟಿತು. ಪಕ್ಕದ ಸ್ಟಾರ್ಟರ್ ಒಂದು ಕಳಚಿತು.

ಆಮೇಲೆ ನಾನು ನನಗೆ ಗೊತ್ತಿದ್ದ ದಾರಿ ಹಿಡಿದೆ. ಕಾರ್ಖಾನೆಯ ಬಾಯ್ಲರ್‌ನ ಹೊಗೆ ಎಳೆಯುವ ಐಡಿ ಫ್ಯಾನ್‌ಗೆ ನಾವು ಕರೆಂಟ್ ಲಿಮಿಟ್ ವಿಧಾನ ಇಟ್ಟಿದ್ದೇವೆ. ಭಾರದ ಚಕ್ರ, ವೇಗ ಹಿಡಿಯಲು 40 ಸೆಕೆಂಡ್ ತಗೊಳ್ಳುತ್ತದೆ. ಅಷ್ಟೂ ಹೊತ್ತು ಕರೆಂಟ್ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಚೆನ್ನಾಗಿ ನಡೆಯುತ್ತದೆ. ಅದನ್ನೇ ಇಲ್ಲಿ ಹಾಕಿದೆ. ಟಿಸಿಗೆ ಹಗುರ ಆಗಲಿ ಅಂತ ಎರಡೂವರೆ ಪಟ್ಟು, 200 ಆಂಪಿಯರ್.

ಕಪ್ಲಿಂಗ್ ಮೇಲೆ ಹೊಳೆಯುವ ಟೇಪಿನ ಒಂದು ತುಂಡು ಅಂಟಿಸಿ ಟ್ಯಾಕೋಮೀಟರ್ ಹಿಡಿದು ಕೂತೆ. ವೇಗ 600, 800, 1000 ಅಂತ ಏರಿತು. 1100ಕ್ಕೆ ನಿಂತಿತು. ಕರೆಂಟ್ 200, ಮುಳ್ಳು ಕದಲುತ್ತಿಲ್ಲ. ಮೋಟರ್ ಒದ್ದಾಡುತ್ತಿದೆ. 30ನೇ ಸೆಕೆಂಡಿಗೆ ಸ್ಟಾರ್ಟರ್ ತಾನೇ ಟ್ರಿಪ್ ಆಯಿತು. ಮೋಟರ್ ಮೈ ಮುಟ್ಟಿ ನೋಡಿದೆ, ಬಿಸಿ. ಇಂಥ ಪ್ರಯತ್ನ ಮೇಲಿಂದ ಮೇಲೆ ಮಾಡಬಾರದು. ಪ್ರತಿ ಸಲದ ನಂತರ ಇಪ್ಪತ್ತು ನಿಮಿಷ ಆರಲು ಬಿಟ್ಟೆವು.

ಆ ಇಪ್ಪತ್ತು ನಿಮಿಷಗಳಲ್ಲೇ ನನಗೆ ವಿಷಯ ತಿಳಿದದ್ದು. ಅಲ್ಲಿ ತನಕ ನಾನು ಮೋಟರನ್ನು ನೋಡುತ್ತಿದ್ದೆ, ನೀರನ್ನು ನೋಡಿರಲಿಲ್ಲ.

ನಮ್ಮ ಪೈಪಿನಲ್ಲಿ ಪಂಪ್ ನಿಂತಾಗಲೂ ನೀರು ತುಂಬಿರುತ್ತದೆ. ಕೆಳಗೆ ನಾನ್ ರಿಟರ್ನ್ ವಾಲ್ವ್, ನಮ್ಮ ಬಾಯಲ್ಲಿ ಎನ್‌ಆರ್‌ವಿ, ಅದನ್ನು ಹಿಡಿದಿರುತ್ತದೆ. ಅದರ ಆಚೆಗಿನ ಗೇಜ್ 3.5 ಕೆಜಿ ತೋರಿಸುತ್ತದೆ. ಪಂಪ್ ಅಷ್ಟು ಒತ್ತಡ ಹುಟ್ಟಿಸುವ ತನಕ ಎನ್‌ಆರ್‌ವಿ ತೆರೆಯುವುದೇ ಇಲ್ಲ. ಡೆಲಿವರಿ ವಾಲ್ವ್ ಮುಚ್ಚಿ ಪೂರ್ತಿ ವೇಗದಲ್ಲಿ ಓಡಿಸಿದರೆ ನಮ್ಮ ಪಂಪ್ 5.8 ಕೆಜಿ ಕೊಡುತ್ತದೆ. ಒತ್ತಡ ವೇಗದ ವರ್ಗಕ್ಕೆ ತಕ್ಕ ಹಾಗೆ ಇರುತ್ತದೆ. ಲೆಕ್ಕ ಹಾಕಿದರೆ 3.5 ಕೆಜಿ ಹುಟ್ಟುವುದು ಶೇ. 78 ವೇಗದಲ್ಲಿ, ಅಂದರೆ ಸುಮಾರು 1150 ಆರ್‌ಪಿಎಂ. ಅಲ್ಲಿವರೆಗೆ ಒಂದು ಹನಿ ನೀರೂ ಮೇಲೆ ಹೋಗುವುದಿಲ್ಲ. 1150ರಿಂದ 1475ರ ನಡುವೆ ಸೊನ್ನೆಯಿಂದ ಪೂರ್ತಿ ನೀರು. ಇಡೀ ಆಟ ಇರುವುದು ಕೊನೆಯ ಆ 325 ಸುತ್ತುಗಳಲ್ಲಿ.

ಫ್ಯಾನ್‌ಗೆ ಹೀಗೆ ಇಲ್ಲ. ಗಾಳಿ ಮೊದಲ ಸುತ್ತಿನಿಂದಲೇ ಚಲಿಸುತ್ತದೆ, ಯಾವ ಬಾಗಿಲನ್ನೂ ಬಡಿಯುವುದಿಲ್ಲ. ಫ್ಯಾನ್‌ಗೆ ಸರಿ ಹೋದದ್ದು ಪಂಪ್‌ಗೆ ಯಾಕೆ ಹೋಗಲಿಲ್ಲ ಅಂತ ಆಗ ಸ್ಪಷ್ಟವಾಯಿತು.

ಪರೀಕ್ಷೆ ಮಾಡಲು ಲಿಮಿಟನ್ನು ಮೂರೂವರೆ ಪಟ್ಟಿಗೆ, 280ಕ್ಕೆ ಏರಿಸಿದೆ. ಆರು ಸೆಕೆಂಡಿಗೆ ಪೂರ್ತಿ ವೇಗ ಬಂತು. ಕರೆಂಟ್ ದೃಷ್ಟಿಯಿಂದ ಕೆಲಸ ಮುಗಿದಂತೆ. ಆದರೆ ನನ್ನ ಕಣ್ಣು ಈಗ ಗೇಜ್ ಮೇಲೆ ಇತ್ತು. ಮುಳ್ಳು ಮೊದಲು 3.5ರಲ್ಲೇ ಇತ್ತು, ಆಮೇಲೆ ಒಮ್ಮೆಲೇ ಹಾರಿತು, ಅದುರಿತು, ನಿಧಾನ 4.6ಕ್ಕೆ ಬಂದು ಕೂತಿತು. ಕರೆಂಟ್ ಒಂದೇ ಮಟ್ಟದಲ್ಲಿದ್ದರೂ ಮೋಟರ್ ಪೂರ್ಣ ವೇಗದ ಹತ್ತಿರ ಬಂದಾಗ ಅದರ ಬಲ ತಾನೇ ಉಕ್ಕುತ್ತದೆ. ಹಾಗಾಗಿ ಆ 325 ಸುತ್ತನ್ನು ಒಂದೇ ಸೆಕೆಂಡಿನಲ್ಲಿ ದಾಟಿಬಿಟ್ಟಿತು. ಮೆಲ್ಲಗೆ ಹೋಗಬೇಕಾದ ಕಡೆಯೇ ಓಡಿತು.

ಆ ರಾತ್ರಿ ಮ್ಯಾನ್ಯುಯಲ್ ಪೂರ್ತಿ ಓದಿದೆ. ಮೆನುವಿನಲ್ಲಿ ಮೂರನೆಯ ವಿಧಾನ ಇತ್ತು, ಟಾರ್ಕ್ ಕಂಟ್ರೋಲ್. ಇದರಲ್ಲಿ ಸ್ಟಾರ್ಟರ್ ವೋಲ್ಟೇಜ್ ಮತ್ತು ಕರೆಂಟ್ ಅಳೆದು, ಮೋಟರ್ ಕೊಡುತ್ತಿರುವ ಬಲ ಎಷ್ಟು ಅಂತ ಲೆಕ್ಕ ಹಾಕುತ್ತಾ ಇರುತ್ತದೆ. ಆ ಬಲ ಒಂದೇ ಹದದಲ್ಲಿ ಏರುವಂತೆ ಥೈರಿಸ್ಟರನ್ನು ಹೊಂದಿಸುತ್ತದೆ. ಬೆಳಗ್ಗೆ ಅದನ್ನು 12 ಸೆಕೆಂಡಿಗೆ ಇಟ್ಟು, ಮೇಲೆ ಕಾವಲಿಗೆ ಕರೆಂಟ್ ಲಿಮಿಟ್ 260 ಕೊಟ್ಟೆ. ಟ್ಯಾಕೋಮೀಟರ್ ಹುಡುಗನ ಕೈಗೆ ಕೊಟ್ಟು ನಾನು ಗೇಜ್ ಎದುರು ನಿಂತೆ. "ಸಾವಿರದ ನೂರು... ಸಾವಿರದ ಇನ್ನೂರು..." ಅಂತ ಅವನು ಕೂಗುತ್ತಿದ್ದ. ಮುಳ್ಳು 3.5ರಿಂದ ಎದ್ದು, ಗಡಿಯಾರದ ಮುಳ್ಳಿನ ಹಾಗೆ ಅದುರದೆ ಸರಿದು 4.6ಕ್ಕೆ ಬಂತು. ವೋಲ್ಟೇಜ್ 368ಕ್ಕಿಂತ ಕೆಳಗೆ ಹೋಗಲಿಲ್ಲ. ಯಾರ ಸ್ಟಾರ್ಟರೂ ಕಳಚಲಿಲ್ಲ.

ಇನ್ನು ನಿಲ್ಲಿಸುವುದು. ನಮಗೆ ನಿಜವಾದ ಚಿಂತೆ ಇದೇ.

ನಮ್ಮ ಪೈಪಿನಲ್ಲಿ ನೀರು ಸೆಕೆಂಡಿಗೆ ಒಂದೂವರೆ ಮೀಟರ್ ವೇಗದಲ್ಲಿ ಹೋಗುತ್ತದೆ. ಅದು ಏಕಾಏಕಿ ನಿಂತರೆ ಒತ್ತಡದ ಅಲೆ ಏಳುತ್ತದೆ. ಇಷ್ಟು ದಪ್ಪದ ಪಿವಿಸಿಯಲ್ಲಿ ಆ ಅಲೆ ಸೆಕೆಂಡಿಗೆ ಸುಮಾರು 300ರಿಂದ 350 ಮೀಟರ್ ಓಡುತ್ತದೆ. ಕಬ್ಬಿಣದ ಪೈಪಿನಲ್ಲಾದರೆ ಸಾವಿರದ ಮೇಲೆ. ಏಟಿನ ಗರಿಷ್ಠ ಒತ್ತಡ ಲೆಕ್ಕ ಹಾಕಿದರೆ ಸುಮಾರು 5 ಕೆಜಿ ಬರುತ್ತದೆ. ನಿಂತ ನೀರಿನ 3.5ಕ್ಕೆ ಅದನ್ನು ಸೇರಿಸಿ ನೋಡಿ. 6 ಕೆಜಿ ಪೈಪ್ ಎಲ್ಲಿ ತಡೆಯುತ್ತದೆ? ಅಲೆ 1400 ಮೀಟರ್ ಹೋಗಿ ವಾಪಸ್ ಬರಲು 8-9 ಸೆಕೆಂಡ್ ಬೇಕು. ಅದಕ್ಕಿಂತ ಬೇಗ ನೀರು ನಿಲ್ಲಿಸಿದರೆ ಪೂರ್ತಿ ಏಟು ಬೀಳುತ್ತದೆ. ನಿಲ್ಲಿಸುವ ಸಮಯ ಎಷ್ಟಿರಬೇಕು ಅಂತ ಹೇಳುವುದು ಪೈಪಿನ ಉದ್ದ.

ಮೊದಲು ವೋಲ್ಟೇಜ್ ಇಳಿಸುವ ಸಾಫ್ಟ್ ಸ್ಟಾಪ್ ಹಾಕಿದೆ, 10 ಸೆಕೆಂಡ್. ಬೈಪಾಸ್ ಬಿಟ್ಟಿತು. ಮೊದಲ ಐದಾರು ಸೆಕೆಂಡ್ ಗೇಜ್ ಅಲ್ಲಾಡಲೇ ಇಲ್ಲ. ಕರೆಂಟ್ ಮಾತ್ರ ಏರುತ್ತಿತ್ತು. ಆಮೇಲೆ ಮುಳ್ಳು ಒಮ್ಮೆಲೇ ಬಿತ್ತು, ಹಿಂದೆಯೇ ಧಡ್. 20 ಸೆಕೆಂಡಿಗೆ ಏರಿಸಿದೆ. ಅದೇ ಧಡ್, ಸ್ವಲ್ಪ ತಡವಾಗಿ ಅಷ್ಟೇ. ವೋಲ್ಟೇಜ್ ಇಳಿದರೂ ಇಂಡಕ್ಷನ್ ಮೋಟರ್ ವೇಗ ಬಿಡುವುದಿಲ್ಲ. ಜಾಸ್ತಿ ಕರೆಂಟ್ ಎಳೆದುಕೊಂಡು ಹೊರೆ ಹೊರುತ್ತಲೇ ಇರುತ್ತದೆ. ಎಲ್ಲಿ ಅದರ ಗರಿಷ್ಠ ಬಲಕ್ಕಿಂತ ಹೊರೆ ಜಾಸ್ತಿ ಆಯಿತೋ ಅಲ್ಲಿ ಕೈಚೆಲ್ಲುತ್ತದೆ. ವೇಗ 1150ಕ್ಕಿಂತ ಕೆಳಗೆ ಒಂದೇ ಜಿಗಿತ. ಎಷ್ಟು ಸೆಕೆಂಡ್ ಕೊಟ್ಟರೂ ನಿಧಾನ ಆಗುವುದು ವೋಲ್ಟೇಜ್, ನೀರಲ್ಲ.

ಟಾರ್ಕ್ ಸ್ಟಾಪ್‌ಗೆ ಬದಲಿಸಿ 18 ಸೆಕೆಂಡ್ ಇಟ್ಟೆ, ಅಲೆಯ ಹೋಗಿಬರುವ ಸಮಯದ ಎರಡು ಪಟ್ಟು. ಬಟನ್ ಒತ್ತಿದ ಕೂಡಲೇ ಗೇಜ್ ಇಳಿಯಲು ಶುರುವಾಯಿತು. 4.4, 4.1, 3.8. 3.5ರ ಹತ್ತಿರ ಎನ್‌ಆರ್‌ವಿ ಟಕ್ ಅಂದಿತು. ಬಾಗಿಲ ಚಿಲಕ ಹಾಕಿದಷ್ಟು ಸದ್ದು. ಕಾಕಾ ಮೇಲೆ ಕಟ್ಟೆಯಲ್ಲಿ ನಿಂತಿದ್ದರು. "ಬಂದ್ ಆಗೇತೇನು?" ಅಂತ ಕೂಗಿ ಕೇಳಿದರು.

ಅದೇ ಸಂಜೆ ಅವರನ್ನು ಕೂರಿಸಿಕೊಂಡು ಉಳಿದ ಮಾತನ್ನೂ ಹೇಳಿದೆ. "ಕಾಕಾ, ನಾವು ಬಂದ್ ಮಾಡಿದಾಗ ಇದು ಕಾಪಾಡ್ತೈತ್ರಿ. ಕರೆಂಟ್ ಹೋದಾಗ ಇಲ್ಲ." ಮೆಲ್ಲಗೆ ನಿಲ್ಲಿಸಲು ಸ್ಟಾರ್ಟರ್‌ಗೂ ಕರೆಂಟ್ ಬೇಕು. ಲೈನ್ ಸತ್ತರೆ ಅದು ಸುಮ್ಮನಿರುತ್ತದೆ, ನೀರು ಹಳೆಯ ಹಾಗೇ ಬಂದು ಬಡಿಯುತ್ತದೆ. ನಮ್ಮ ಕಡೆ ಪಂಪ್‌ಸೆಟ್ ಲೈನಿಗೆ ತ್ರೀ ಫೇಸ್ ಬರುವುದೇ ಪಾಳಿಯಲ್ಲಿ, ಹೋಗುವ ಹೊತ್ತು ಗೊತ್ತಿರುತ್ತದೆ. ಹುಡುಗನಿಗೆ ಹತ್ತು ನಿಮಿಷ ಮುಂಚೆಯೇ ಬಂದ್ ಮಾಡಲು ಹೇಳಿದ್ದೇವೆ. ಕರೆಂಟ್ ಬಂದ ಕೂಡಲೇ ಶುರುವಾಗುವ ಆಟೋ ಸ್ವಿಚ್ ತೆಗೆದು, 4 ನಿಮಿಷ ತಡ ಇಟ್ಟೆ. ಪೈಪಿನ ನೀರು ಓಲಾಡುವುದು ನಿಲ್ಲಲಿ, ಉಳಿದವರ ಪಂಪ್‌ಗಳೂ ಮೊದಲು ಶುರುವಾಗಲಿ ಅಂತ. ದಿಬ್ಬದ ತಿರುವಿನಲ್ಲಿ ಪೈಪಿನ ಗಾಳಿ ಒಳಹೊರಗೆ ಬಿಡುವ ಏರ್ ವಾಲ್ವ್ ಹಾಕಿದ್ದಾಯಿತು.

ಸೆಟ್ಟಿಂಗ್ ಎಲ್ಲ ಒಂದು ಹಾಳೆಯಲ್ಲಿ ಬರೆದು ಪ್ಯಾನೆಲ್ ಬಾಗಿಲಿನ ಒಳಗೆ ಅಂಟಿಸಿದ್ದೇನೆ. ಮುಂದೆ ಯಾರಾದರೂ ರಿಪೇರಿಗೆ ಬಂದು ಕಂಪನಿ ಸೆಟ್ಟಿಂಗ್‌ಗೆ ತಂದುಬಿಟ್ಟರೆ ಹುಡುಗನೇ ನೋಡಿ ಹೇಳಲಿ ಅಂತ. ಎಷ್ಟು ಅನ್ನುವುದರ ಜೊತೆಗೆ ಯಾಕೆ ಅಂತಲೂ ಒಂದೊಂದು ಸಾಲು ಬರೆದೆ.

ಕರೆಂಟ್ ಹೇಳದೆ ಕೇಳದೆ ಹೋದ ದಿನ ಕಾಕಾ ಈಗಲೂ ದಿಬ್ಬದ ತಿರುವಿನ ತನಕ ನಡೆದು ನೋಡಿ ಬರುತ್ತಾರೆ. ನೀರು ಹಿಂದೆ ತಿರುಗುವ ಮೊದಲೇ ಮುಚ್ಚಿಕೊಳ್ಳುವ ಸ್ಪ್ರಿಂಗ್ ಎನ್‌ಆರ್‌ವಿಗೆ ಏಳೂ ಮನೆಯಿಂದ ದುಡ್ಡು ಕೂಡಿದೆ. ಮಳೆಗಾಲ ಕಳೆದು ನದಿ ಇಳಿದ ಮೇಲೆ ಹಾಕುತ್ತೇವೆ.